ಕತ್ತಿ ಹಿಡಿಗೆ ಯಾವ ಬಣ್ಣ? ತೋಟದಲ್ಲಿ ನಾನು ಕಂಡುಕೊಂಡದ್ದು

ನಮ್ಮ ಕಾಫಿ ತೋಟದಲ್ಲಿ ಕತ್ತಿ ಕಳೆದರೆ ಮೊದಲೆಲ್ಲ ಯಾರೂ ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಮಳೆ ಬಿಟ್ಟ ಮೇಲೆ ಸಿಗುತ್ತದೆ ಬಿಡಿ ಅನ್ನುತ್ತಿದ್ದರು. ಹಾಗೆ ಆಷಾಢದಲ್ಲಿ ಕಳೆದ ಒಂದು ಕತ್ತಿ ಸಿಕ್ಕಿದ್ದು ರೋಬಸ್ಟಾ ಕಾಫಿಯ ಕೊಯ್ಲಿನ ಹೊತ್ತಿಗೆ, ಹಣ್ಣು ಕೀಳುತ್ತಿದ್ದ ಹೆಂಗಸೊಬ್ಬರ ಕಾಲಿಗೆ. ತರಗೆಲೆಯೊಳಗೆ ಅಲಗು ಮೇಲಾಗಿ ಮಲಗಿತ್ತು. ಹವಾಯಿ ಚಪ್ಪಲಿಯನ್ನು ಸೀಳಿಕೊಂಡು ಹಿಮ್ಮಡಿಗೆ ಹೋಯಿತು. ಟವೆಲ್ ಕಟ್ಟಿ, ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿ, ಟಿಟಿ ಇಂಜೆಕ್ಷನ್ ಕೊಡಿಸಿದೆವು. ಆ ಕೊಯ್ಲು ಪೂರ್ತಿ ಅವರು ಕೆಲಸಕ್ಕೆ ಬರಲಾಗಲಿಲ್ಲ. ಆ ದಿನಗಳ ಕೂಲಿ ಕೊಟ್ಟೆ, ಆದರೆ ತಪ್ಪು ನನ್ನದು ಅನ್ನುವುದು ಮನಸ್ಸಿನಿಂದ ಹೋಗಲಿಲ್ಲ. ಆಯುಧ ನನ್ನದು, ತೋಟ ನನ್ನದು.

ಆ ಕತ್ತಿಯ ಹಿಡಿ ಹಳೆ ರೋಬಸ್ಟಾ ಬೊಡ್ಡೆಯದು. ಕಾಫಿ ಮರ ಗಟ್ಟಿ, ಕೈಗೆ ಒಳ್ಳೆ ಹದ. ಆದರೆ ಆರು ತಿಂಗಳು ಮಳೆ, ಮಣ್ಣು ಕುಡಿದ ಮೇಲೆ ಅದಕ್ಕೂ ಪಕ್ಕದಲ್ಲಿ ಬಿದ್ದ ಸಿಲ್ವರ್ ಓಕ್ ಟೊಂಗೆಗೂ ವ್ಯತ್ಯಾಸವೇ ಇರುವುದಿಲ್ಲ. ಕೈಯಲ್ಲೆತ್ತಿ ನೋಡಿದಾಗ, ಇದಕ್ಕೊಂದು ಬಣ್ಣ ಬಳಿದಿದ್ದರೆ ಆಗಲೇ ಸಿಗುತ್ತಿತ್ತಲ್ಲ ಅನ್ನಿಸಿತು.

ಬಣ್ಣ ಅಂದ ಕೂಡಲೇ ಎಲ್ಲರೂ ಹೇಳುವುದು ಕೆಂಪು. ನಾನೂ ಕೆಂಪು ಎನಾಮಲ್ ಡಬ್ಬಿಯನ್ನೇ ತಂದೆ. ಹನ್ನೆರಡು ಕತ್ತಿ, ಟೊಂಗೆ ಸವರುವ ನಾಲ್ಕು ಕಸಿ ಗರಗಸ, ಗುದ್ದಲಿ ಕಾವುಗಳು, ಎಲ್ಲಕ್ಕೂ ಬಳಿದು ಶೆಡ್ಡಿನ ಗೋಡೆಗೆ ಸಾಲಾಗಿ ನೇತುಹಾಕಿದೆ. ಅಂಗಳದ ಬಿಸಿಲಲ್ಲಿ ನೋಡಲು ಚೆಂದವೇ ಇತ್ತು.

ಮರಗಸಿ, ಅಂದರೆ ನೆರಳಿನ ಮರಗಳ ಟೊಂಗೆ ಸವರುವ ಕೆಲಸ, ಶುರುವಾದ ಮೂರನೇ ದಿನ ಎರಡು ಕತ್ತಿ ಕಾಣೆಯಾದವು. ಮರದ ಮೇಲಿಂದ ಕೈ ಜಾರಿದ್ದು. ಸಂಜೆ ಐದೂವರೆಗೆ ನಾವು ನಾಲ್ಕು ಜನ ಅದೇ ಮರದ ಸುತ್ತ ಬಗ್ಗಿ ಬಗ್ಗಿ ಹುಡುಕಿದೆವು, ಸಿಗಲಿಲ್ಲ. ಮಾರನೆ ದಿನ ಹತ್ತು ಗಂಟೆಗೆ ಹೋದರೆ ಮರದ ಬುಡದಿಂದ ಎರಡೇ ಮಾರು ದೂರದಲ್ಲಿ ಕೆಂಪು ಹಿಡಿ ರಾಚುವ ಹಾಗೆ ಬಿದ್ದಿತ್ತು! ಹಿಂದಿನ ಸಂಜೆ ನಾನೇ ಅದನ್ನು ದಾಟಿಕೊಂಡು ಓಡಾಡಿದ್ದೆ.

ಇದು ಕಣ್ಣಿನ ಗುಣ ಎಂದು ಆಮೇಲೆ ಓದಿ ತಿಳಿದುಕೊಂಡೆ. ಹಗಲಿನ ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿ ಗ್ರಹಿಸುವುದು ಹಳದಿ ಮಿಶ್ರಿತ ಹಸಿರನ್ನು, ಸುಮಾರು 555 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ಕತ್ತಲಾಗುತ್ತ ಬಂದ ಹಾಗೆ ಕಣ್ಣಿನೊಳಗಿನ ಬೇರೆ ಬಗೆಯ ಕೋಶಗಳು ಕೆಲಸಕ್ಕಿಳಿಯುತ್ತವೆ. ಅವುಗಳ ಚುರುಕು ಸುಮಾರು 507 ನ್ಯಾನೋಮೀಟರ್ ಹತ್ತಿರ, ಅಂದರೆ ನೀಲಿಯ ಕಡೆಗೆ ಸರಿದ ಹಸಿರು. ಕೆಂಪು ಅವುಗಳ ಪಾಲಿಗೆ ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೇ ಮುಸ್ಸಂಜೆಯಲ್ಲಿ ದಾಸವಾಳ ಕಪ್ಪಾಗಿ, ಅದರ ಎಲೆಯೇ ತಿಳಿಯಾಗಿ ಕಾಣುವುದು. ಜೆಕ್ ದೇಶದ ಪುರ್ಕಿನ್ಯೆ ಎಂಬ ವಿಜ್ಞಾನಿ 1819ರಲ್ಲಿ ಇದನ್ನು ಗುರುತಿಸಿದ. ನಮ್ಮ ತೋಟದಲ್ಲಿ ಇದರ ಮೇಲೆ ಇನ್ನೊಂದು ತೊಡಕು: ಎಲೆಗಳು ಬಿಸಿಲಿನ ಕೆಂಪು ಭಾಗವನ್ನು ಹೀರಿಕೊಳ್ಳುತ್ತವೆ. ಮರದ ನೆರಳು, ಅದರ ಕೆಳಗೆ ಕಾಫಿಯ ನೆರಳು, ಎರಡನ್ನೂ ದಾಟಿ ನೆಲಕ್ಕೆ ಇಳಿಯುವ ಬೆಳಕು ಹಸಿರು ಹಸಿರು. ಬೀಳುವ ಬೆಳಕಿನಲ್ಲೇ ಕೆಂಪು ಕಡಿಮೆಯಿದ್ದ ಮೇಲೆ ಕೆಂಪು ಹಿಡಿ ಹೊಳೆಯುವುದು ಎಲ್ಲಿಂದ? ಸಾಲದ್ದಕ್ಕೆ ಕೊಯ್ಲಿನಲ್ಲಿ ನೆಲದ ತುಂಬ ಉದುರಿದ ಕೆಂಪು ಹಣ್ಣು, ಅದು ಮುಗಿಯಿತು ಅನ್ನುವಷ್ಟರಲ್ಲಿ ಹಾಲುವಾಣ ಮರದ ಕೆಂಪು ಹೂ.

ಇನ್ನೊಂದು ವಿಷಯ ನನಗೆ ಹೊಳೆದಿರಲೇ ಇಲ್ಲ, ನಮ್ಮ ಮರಗಸಿಯವರಲ್ಲಿ ಒಬ್ಬರು ಹೇಳಿದ್ದು. "ನನಗೆ ಈ ಬಣ್ಣ ಎಲೆ ನಡುವೆ ಗೊತ್ತೇ ಆಗಲ್ಲ ಸಾರ್" ಅಂದರು. ಹಿಂದೆ ಕಣ್ಣು ಪರೀಕ್ಷೆಯಲ್ಲಿ ಚುಕ್ಕಿಗಳ ಚಿತ್ರ ತೋರಿಸಿ ಅಂಕಿ ಓದಿ ಅಂದಾಗ ಅವರಿಗೆ ಅಂಕಿಯೇ ಕಂಡಿರಲಿಲ್ಲವಂತೆ. ಅದು ಜಪಾನಿನ ವೈದ್ಯ ಇಶಿಹಾರ 1917ರಲ್ಲಿ ಹೊರತಂದ ಪರೀಕ್ಷೆ. ಕೆಂಪು ಹಸಿರು ಬೇರ್ಪಡಿಸಲಾಗದ ಈ ಕೊರತೆ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವುದರಿಂದ ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು. ಮರ ಹತ್ತಿ ಕತ್ತಿ ಹಿಡಿಯುವವರು ಗಂಡಸರೇ. ಇಷ್ಟು ವರ್ಷ ಅವರು ಯಾರಿಗೂ ಹೇಳದೆ, ತನ್ನ ಕತ್ತಿಯನ್ನು ಕೈಯಿಂದ ಬಿಡದೆ ಕೆಲಸ ಮಾಡಿಕೊಂಡು ಬಂದಿದ್ದರು. ಅವರಿಗೂ ಕಾಣುವ ಬಣ್ಣವನ್ನೇ ಹುಡುಕಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಅಂಗಡಿಯಲ್ಲಿ ನಿಂತು ಬಣ್ಣ ಆರಿಸಿದರೆ ಆಗುವುದಿಲ್ಲ ಎಂದು ಗೊತ್ತಾಗಿತ್ತಲ್ಲ, ಈ ಸಲ ಗೇಣುದ್ದದ ಕಾಫಿ ಕಡ್ಡಿಗಳನ್ನು ಕತ್ತರಿಸಿ ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದೆ. ಬಿಳಿ, ಹಳದಿ, ಆಕಾಶನೀಲಿ, ಸಾದಾ ಕಿತ್ತಳೆ, ಫ್ಲೋರೆಸೆಂಟ್ ಕಿತ್ತಳೆ, ಫ್ಲೋರೆಸೆಂಟ್ ಗುಲಾಬಿ. ಹೋಲಿಕೆಗೆ ಒಂದು ಕೆಂಪು. ಮಗಳಿಗೆ ಕೊಟ್ಟು, ನಾನು ಬೆನ್ನು ತಿರುಗಿಸಿ ನಿಂತಾಗ ಎಸೆಯಲು ಹೇಳುತ್ತಿದ್ದೆ. ಆಮೇಲೆ ಹುಡುಕುವುದು. ಬೆಳಗ್ಗೆ ಒಂದು ಸಲ, ನಡು ಮಧ್ಯಾಹ್ನ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ. ಒಂದೇ ವಾರದಲ್ಲಿ ನಿಲ್ಲಿಸಲಿಲ್ಲ, ಬೇಸಿಗೆ ಮಳೆ ಎರಡರಲ್ಲೂ ಮಾಡಿದೆವು.

ಬಿಳಿಯ ಮೇಲೆ ನನಗೆ ಬಹಳ ನಂಬಿಕೆಯಿತ್ತು. ಕತ್ತಲಲ್ಲಿ ಬಿಳಿ ಕಾಣುವುದು ನಿಜ. ಆದರೆ ಉದುರಿದ ಸಿಲ್ವರ್ ಓಕ್ ಎಲೆ ಮಗುಚಿ ಬಿದ್ದರೆ ಹೊಟ್ಟೆಯ ಕಡೆ ಬೆಳ್ಳಿ ಬಣ್ಣ, ಇಡೀ ನೆಲವೇ ಚೂರು ಚೂರು ಬಿಳಿ. ಅರೇಬಿಕಾ ಬ್ಲಾಕಿನಲ್ಲಂತೂ ಬಿಳಿ ಕಾಂಡಕೊರಕ ಹುಳುವಿಗೆಂದು ಬೊಡ್ಡೆಗಳಿಗೆಲ್ಲ ಶೇಕಡ 10ರ ಸುಣ್ಣದ ನೀರು ಹೊಡೆದಿರುತ್ತೇವೆ, ಸುತ್ತ ಚೆಲ್ಲಿದ ಹನಿಯೂ ಬಿಳಿ. ಹೂ ಮಳೆ ಬಿದ್ದು ಕಾಫಿ ಅರಳಿದರೆ ಮುಗಿದೇ ಹೋಯಿತು. ಹಳದಿ ಕಳೆದುಹೋಗುವುದು ಮಧ್ಯಾಹ್ನ. ಎಲೆ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಮಚ್ಚೆಗಳಿವೆಯಲ್ಲ, ಹಳದಿ ಕಡ್ಡಿ ಅಂಥದ್ದೇ ಒಂದು ಮಚ್ಚೆಯಾಗಿಬಿಡುತ್ತದೆ. ಹಲಸಿನ ಮರದಡಿಯಲ್ಲಿ ಹಳದಿಯೂ ಸಾದಾ ಕಿತ್ತಳೆಯೂ ಎರಡೂ ಸೋತವು, ಹಣ್ಣಾದ ಹಲಸಿನ ಎಲೆಯ ಬಣ್ಣವೇ ಅದು.

ಆಕಾಶನೀಲಿ ನನ್ನನ್ನು ಅಚ್ಚರಿಗೊಳಿಸಿತು. ಒಣ ತರಗಿನ ಕಂದು ನೆಲದಲ್ಲಿ ಆ ಬಣ್ಣದ್ದು ಬೇರೇನೂ ಇರುವುದಿಲ್ಲ. ಸಂಜೆ ಆರೂಕಾಲಕ್ಕೆ ಉಳಿದ ಕಡ್ಡಿಗಳೆಲ್ಲ ಮಸುಕಾದ ಮೇಲೂ ನೀಲಿ ತಿಳಿಯಾಗಿ ಉಳಿಯುತ್ತಿತ್ತು, 507ರ ಲೆಕ್ಕ ಕಣ್ಣೆದುರೇ ಕಂಡಿತು. ಆದರೆ ಎಲೆ ತುಕ್ಕು ರೋಗಕ್ಕೆ ಬೋರ್ಡೊ ದ್ರಾವಣ ಹೊಡೆದ ವಾರ ಅದೇ ನೀಲಿ ನಮಗೆ ಕೈಕೊಟ್ಟಿತು. ಮೈಲುತುತ್ತ ಸುಣ್ಣದ ಆ ದ್ರಾವಣ ಒಣಗಿ ಎಲೆ, ಕಡ್ಡಿ, ನೆಲದ ಮೇಲೆಲ್ಲ ತಿಳಿನೀಲಿ ಪೊರೆ ಬಿಟ್ಟಿರುತ್ತದೆ.

ಫ್ಲೋರೆಸೆಂಟ್ ಕಿತ್ತಳೆ ಬೆಳಗ್ಗೆ, ಮಧ್ಯಾಹ್ನ, ಮೋಡದ ಸಂಜೆ ಮೂರರಲ್ಲೂ ಮೊದಲು ಕಂಡಿತು. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನೂ ನೀಲಿ ಬೆಳಕನ್ನೂ ಹೀರಿ ಅದು ಕಿತ್ತಳೆಯಾಗಿ ಹೊರಗೆ ಬಿಡುತ್ತದೆ, ಹಾಗಾಗಿ ತನ್ನ ಮೇಲೆ ಬಿದ್ದ ಕಿತ್ತಳೆ ಬೆಳಕಿಗಿಂತ ಹೆಚ್ಚು ವಾಪಸು ಕೊಟ್ಟಂತೆ ಉರಿಯುತ್ತದೆ. ಹಲಸಿನೆಲೆಯ ನಡುವೆಯೂ ಕಂಡಿತು. ಪೂರ್ತಿ ಕತ್ತಲು ಇಳಿದಾಗ ಮಾತ್ರ ಅದು ಮಂಕು. ಗುಲಾಬಿಯೂ ಅಷ್ಟೇ ಚೆನ್ನಾಗಿ ಕಂಡಿತು, ಆದರೆ ನಾನು ತಂದದ್ದು ಎರಡು ತಿಂಗಳಲ್ಲಿ ಬಿಸಿಲಿಗೆ ಬಿಳಿಚಿಕೊಂಡಿತು.

ಹಾಗಾಗಿ ಒಂದೇ ಬಣ್ಣಕ್ಕೆ ಜೋತುಬೀಳಲಿಲ್ಲ. ಹಿಡಿಯ ಹಿಂತುದಿಗೆ ಮೂರು ಬೆರಳು ಅಗಲ ಫ್ಲೋರೆಸೆಂಟ್ ಕಿತ್ತಳೆ, ಅಲಗು ಸೇರುವ ಕಡೆಯ ಬಳೆಯ ಹತ್ತಿರ ಒಂದೂವರೆ ಬೆರಳು ಆಕಾಶನೀಲಿ. ಹಗಲಿಗೆ ಒಂದು, ಸಂಜೆಗೆ ಒಂದು. ಬಣ್ಣ ಗುರುತಿಸಲು ಕಷ್ಟವಿರುವ ನಮ್ಮವರಿಗೆ ತೋರಿಸಿದೆ. ಕಿತ್ತಳೆ ಯಾವುದು ನೀಲಿ ಯಾವುದು ಎಂದು ತಟ್ಟನೆ ಹೇಳಿದರು, ಎಲೆಯ ನಡುವೆ ಎಸೆದರೂ ಹೆಕ್ಕಿ ತಂದರು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅವರು ಸ್ವಲ್ಪ ಹೊತ್ತು ಸುಮ್ಮನೆ ತಿರುಗಿಸಿ ತಿರುಗಿಸಿ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬಣ್ಣ ಹಚ್ಚುವಾಗ ನಾನು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಮೊದಲ ಸಲ ಹಿಡಿಗೆ ಪೂರ್ತಿ ಬಳಿದಿದ್ದೆ. ಮಳೆಯಲ್ಲಿ ಎನಾಮಲ್ ಬಳಿದ ಹಿಡಿ ಸೋಪಿನ ಹಾಗೆ ಜಾರುತ್ತದೆ, ಮರದ ಮೇಲೆ ಅದು ಪ್ರಾಣಕ್ಕೇ ಕುತ್ತು. ಅಂಗೈ ಕೂರುವ ಜಾಗದಲ್ಲಿ ಬರಿ ಮರವೇ ಇರಬೇಕು, ಅಲ್ಲಿಗೆ ಅಗಸೆ ಎಣ್ಣೆ ಮಾತ್ರ. ಬಣ್ಣದ ಜಾಗದಲ್ಲಿ ಎಣ್ಣೆ ಜಿಡ್ಡು ಇದ್ದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಥಿನ್ನರಿನಲ್ಲಿ ಒರೆಸಿ ಮರಳು ಕಾಗದ ಉಜ್ಜಿಯೇ ಹಚ್ಚಬೇಕು. ಫ್ಲೋರೆಸೆಂಟ್ ಬಣ್ಣವನ್ನು ನೇರವಾಗಿ ಮರದ ಮೇಲೆ ಹೊಡೆದರೆ ಕೊಳಕು ಕಂದು ಬರುತ್ತದೆ. ಅದು ತೆಳು, ಅಡಿಯಲ್ಲಿ ಅಚ್ಚ ಬಿಳಿ ಪ್ರೈಮರ್ ಇದ್ದರೇ ಅದಕ್ಕೆ ಜೀವ. ಬಿಳಿ ಎರಡು ಕೋಟು, ಕಿತ್ತಳೆ ಎರಡು, ಮೇಲೆ ಯುವಿ ತಡೆಯುವ ಕ್ಲಿಯರ್ ಒಂದು. ನಾನು ಇದನ್ನು ಏಪ್ರಿಲ್‌ನಲ್ಲಿ ಮುಗಿಸುತ್ತೇನೆ, ಜೂನ್ ಹಿಡಿದ ಮೇಲೆ ನಮ್ಮ ಕಡೆ ಬಣ್ಣ ಒಣಗುವುದಿಲ್ಲ. ಹೀಗೆಲ್ಲ ಮಾಡಿದರೂ ವರ್ಷಕ್ಕೊಮ್ಮೆ ಮತ್ತೆ ಹಚ್ಚಲೇಬೇಕು, ಹೊಳಪು ಕೊಡುವ ಆ ಗುಣವನ್ನು ಬಿಸಿಲೇ ತಿಂದುಹಾಕುತ್ತದೆ. ಇನ್ಸುಲೇಷನ್ ಟೇಪು ಸುತ್ತಿ ನೋಡಿದೆ, ಮಳೆಯಲ್ಲಿ ಅಂಟು ಬಿಟ್ಟು ಕೈಗೆಲ್ಲ ಮೆತ್ತಿಕೊಂಡಿತು.

ಕಸಿ ಕತ್ತರಿಗಳ ಹಿಡಿಗೆ ಅಂಗಡಿಯಿಂದಲೇ ಪ್ಲಾಸ್ಟಿಕ್ ಬಣ್ಣ ಬಂದಿರುತ್ತದೆ. ನಮ್ಮವು ಕೆಂಪು. ಹಿಮದಲ್ಲಿ ದ್ರಾಕ್ಷಿ ಕಸಿ ಮಾಡುವವರಿಗೆ ಅದು ಸರಿ ಇರಬಹುದು, ನಮ್ಮ ನೆಲಕ್ಕೆ ಸರಿ ಇಲ್ಲ. ಅವಕ್ಕೆ ಹಿಡಿಯ ತುದಿಯಲ್ಲಿ ಗೇಣುದ್ದ ಕಿತ್ತಳೆ ನೈಲಾನ್ ಹಗ್ಗ ಕಟ್ಟಿದ್ದೇನೆ, ಸಾಕಾಗಿದೆ.

ರೇಡಿಯಂ ಸ್ಟಿಕ್ಕರ್ ವಿಷಯ ಬೇರೆ. ಅದರಲ್ಲಿ ರೇಡಿಯಂ ಏನೂ ಇಲ್ಲ, ಗಾಜಿನ ಸಣ್ಣ ಮಣಿಗಳೋ ಪಟ್ಟಕಗಳೋ ಇರುತ್ತವೆ, ಬೆಳಕು ಬಂದ ದಿಕ್ಕಿಗೇ ಅದನ್ನು ತಿರುಗಿಸಿ ಕಳಿಸುತ್ತವೆ. ಆದ್ದರಿಂದ ಟಾರ್ಚನ್ನು ಸೊಂಟದ ಹತ್ತಿರ ಹಿಡಿದು ಹುಡುಕಿದರೆ ಅಷ್ಟಾಗಿ ಕಾಣುವುದಿಲ್ಲ, ಕಣ್ಣಿನ ಪಕ್ಕಕ್ಕೆ ಏರಿಸಿ ಹಿಡಿಯಬೇಕು. ಹಣೆಗೆ ಕಟ್ಟುವ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ಕಿತ್ತಳೆ ಪಟ್ಟಿಯ ಪಕ್ಕ ಬೆರಳಗಲ ಅಂಟಿಸಿದ್ದೇನೆ.

ಬಣ್ಣವನ್ನು ಹಿಂತುದಿಗೇ ಯಾಕೆ ಹಾಕಿದ್ದು ಅಂದರೆ, ಮರದಿಂದ ಬೀಳುವ ಕತ್ತಿಯಲ್ಲಿ ಅಲಗಿನ ಕಡೆಯೇ ಭಾರ. ಎಷ್ಟೋ ಸಲ ಅಲಗು ಮಣ್ಣಿಗೆ ನಾಟಿ ಹಿಡಿ ಮೇಲಕ್ಕೆ ನಿಲ್ಲುತ್ತದೆ. ಕಾಫಿ ಗಿಡದ ರೆಕ್ಕೆಯೊಳಗೆ, ಅಂದರೆ ಅಡ್ಡ ಟೊಂಗೆಗಳೊಳಗೆ, ಸಿಕ್ಕಿಕೊಂಡರೂ ಹೊರಗೆ ಇಣುಕುವುದು ಹಿಡಿಯ ತುದಿ. ಮಧ್ಯದಲ್ಲಿ ಬಳಿದ ಪಟ್ಟಿ ಆಗ ಎಲೆಗಳ ಹಿಂದೆ ಮುಚ್ಚಿಹೋಗಿರುತ್ತದೆ.

ಹೋದ ವರ್ಷ ಮರಗಸಿಯ ನಡುವೆ ಒಂದು ಸಂಜೆ, ಆನೆ ನಮ್ಮ ಹಳ್ಳದ ಕಡೆ ಇಳಿದಿದೆ ಎಂದು ಮೊಬೈಲಿಗೆ ಸುದ್ದಿ ಬಂತು. ಹಾಗೆ ಬಂದರೆ ನಮ್ಮಲ್ಲಿ ಮಾತಿಲ್ಲ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೊರಡುವುದು. ಮರದ ಮೇಲಿದ್ದವರು ಕತ್ತಿಗಳನ್ನು ಕೆಳಗೆ ಎಸೆದು ಇಳಿದರು, ಎಲ್ಲರೂ ರಸ್ತೆ ಸೇರಿದೆವು. ರಾತ್ರಿ ಆ ಬ್ಲಾಕಿನಲ್ಲೇ ಆನೆಗಳು ಓಡಾಡಿ ಬಾಳೆ ಮುರಿದ ಸದ್ದು ಮನೆಗೂ ಕೇಳಿಸಿತು. ಬೆಳಗ್ಗೆ ಅವು ದಾಟಿಹೋದ ಖಾತ್ರಿಯಾದ ಮೇಲೆ ಒಳಗೆ ಹೋದೆವು. ಐದು ಕತ್ತಿಯಲ್ಲಿ ನಾಲ್ಕು ದಾರಿಯಿಂದಲೇ ಕಂಡವು. ಐದನೆಯದು ಕಣ್ಣು ಕಷ್ಟವಿರುವ ನಮ್ಮವರದ್ದು. ಮುರಿದ ಗಿಡಗಳ ನಡುವೆ ಒಂದು ಆನೆ ಹೆಜ್ಜೆ, ತಳದಲ್ಲಿ ನೀರು ನಿಂತಿತ್ತು. ಅದರ ಅಂಚಿನ ಕೆಸರಿನಿಂದ ಅರ್ಧ ಬೆರಳಿನಷ್ಟು ಕಿತ್ತಳೆ ಹೊರಗಿತ್ತು. ನಾವು ಇನ್ನೂ ಅತ್ತ ಇತ್ತ ನೋಡುತ್ತಿರುವಾಗಲೇ ಅವರು ಹೋಗಿ ಬಗ್ಗಿ ಅದನ್ನು ಕಿತ್ತು, ಹುಲ್ಲಿಗೆ ಒರೆಸಿ, ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡರು.