ತಾರಸಿ ಸೋರುವಾಗ ಬಣ್ಣದ ಮಾತು ಬೇಡ

ಫ್ಲ್ಯಾಟ್ ಮಾಲೀಕರ ಸಂಘಕ್ಕೆ ಹೊಸ ಆಡಳಿತ ಸಮಿತಿ ಆಯ್ಕೆಯಾದ ಕೂಡಲೇ ಕಟ್ಟಡಕ್ಕೆ ಬಣ್ಣ ಬಳಿಸುವ, ಗೇಟಿಗೆ ಹೊಸ ಫಲಕ ಹಾಕಿಸುವ ಮಾತು ಏಳುತ್ತದೆ. ಕಣ್ಣಿಗೆ ಕಾಣುವ ಕೆಲಸಕ್ಕೆ ಹೊಗಳಿಕೆ ಬೇಗ ಸಿಗುವುದು ನಿಜ. ಆದರೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿದರೂ ಏಪ್ರಿಲ್‌ನಲ್ಲಿ ಟ್ಯಾಂಕರ್ ಕಾಯಬೇಕಾಗುವ ಮಂಗಳೂರಿನಲ್ಲಿ ಸಮಿತಿಯ ಕೆಲಸದ ಕ್ರಮವನ್ನು ನೀರೇ ನಿರ್ಧರಿಸಬೇಕು.

ಮೊದಲ ವಾರ ಕಾಗದಪತ್ರಗಳಿಗೆ ಮೀಸಲಿರಲಿ. ಬೈಲಾ, ಅನುಮೋದಿತ ನಕ್ಷೆ, ಲಿಫ್ಟ್ ಮತ್ತು ಜನರೇಟರಿನ ನಿರ್ವಹಣಾ ಒಪ್ಪಂದಗಳು, ಲೆಕ್ಕಪರಿಶೋಧನಾ ವರದಿಗಳನ್ನು ಹಿಂದಿನ ಸಮಿತಿಯಿಂದ ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು ಪಡೆಯಬೇಕು. ಸಂಘವು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇದೆಯೋ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇದೆಯೋ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ವ್ಯಾಪ್ತಿಯ ಕಟ್ಟಡವಾದರೆ ಸ್ವಾಧೀನ ಸಿಕ್ಕಿದ ದಿನಾಂಕವನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ. ಅಲ್ಲಿಂದ 5 ವರ್ಷಗಳೊಳಗೆ ಕಾಣಿಸಿದ ನಿರ್ಮಾಣ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, ಅವರು ಅದನ್ನು 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಿಕೊಡಬೇಕು. ದೂರು ಬರಹದಲ್ಲಿರಲಿ, ಜೊತೆಗೆ ಫೋಟೊಗಳಿರಲಿ.

ಅನಂತರದ್ದು ಬಾಕಿ ವಸೂಲಿ. ಮಾಲೀಕರು ಗಲ್ಫ್‌ನಲ್ಲಿದ್ದು ಬೀಗ ಬಿದ್ದಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. "ನಾವು ಅಲ್ಲಿ ಇಲ್ಲವಲ್ಲ" ಎನ್ನುವವರಿಗೆ, ಕಾವಲುಗಾರನ ಸಂಬಳ ಮತ್ತು ತಾರಸಿಯ ದುರಸ್ತಿ ಅವರ ಮನೆಗೂ ಸೇರಿದ್ದೆಂದು ವಿವರಿಸಿ ವೈಯಕ್ತಿಕವಾಗಿ ಪತ್ರ ಬರೆಯುವುದು ಲೇಸು. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಾಕಿದಾರರ ಹೆಸರು ಹಾಕಿದರೆ ಹಣಕ್ಕಿಂತ ಮೊದಲು ಜಗಳ ಬರುತ್ತದೆ.

ಇನ್ನು ತಾರಸಿ. ನಾನು ಸಮಿತಿಯಲ್ಲಿದ್ದ ಮೊದಲ ಮಳೆಗಾಲದಲ್ಲಿ ಮೇಲಿನ ಮಹಡಿಯ ಒಂದು ಮನೆಯ ಸೀಲಿಂಗಿನಲ್ಲಿ ಊಟದ ಬಟ್ಟಲಿನಗಲದ ಹಳದಿ ಕಲೆ ಮೂಡಿತು. ವಾಟರ್‌ಪ್ರೂಫಿಂಗ್‌ಗೆ ಕೊಟೇಶನ್ ತರಿಸಿ, ಎರಡು ಸಭೆ ನಡೆಸಿ ಚರ್ಚಿಸಿದ ಮೇಲಷ್ಟೇ ನಮ್ಮಲ್ಲೊಬ್ಬರು ಮೇಲೆ ಹೋಗಿ ನೋಡಿದರು. ಹಲಸಿನ ಹಪ್ಪಳ ಒಣಗಿಸಲು ಹಾಸಿದ್ದ ಪ್ಲಾಸ್ಟಿಕ್ ಹಾಳೆ ಮುದ್ದೆಯಾಗಿ, ಮಾವಿನ ಎಲೆಗಳೊಂದಿಗೆ ನೀರಿಳಿಯುವ ಪೈಪಿನ ಬಾಯಿಯನ್ನು ಬಿಗಿದಿತ್ತು. ತಾರಸಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಅದನ್ನು ಕಿತ್ತ ಮೇಲೆ ಕಲೆ ಮತ್ತೆ ಹರಡಲಿಲ್ಲ.

ಹೀಗೆ ಬಾಯಿ ಕಟ್ಟಿದ್ದೇ ಕಾರಣವೋ, ಸ್ಲ್ಯಾಬಿನಲ್ಲೇ ಬಿರುಕಿದೆಯೋ ಎಂದು ತಿಳಿಯಲು ಪೈಪುಗಳನ್ನು ಮುಚ್ಚಿ, ಎರಡು ಇಂಚು ನೀರನ್ನು 24 ಗಂಟೆಯಾದರೂ ನಿಲ್ಲಿಸಿ ಕೆಳಗಿನ ಸೀಲಿಂಗನ್ನು ಗಮನಿಸಬೇಕು. ಈ ಪರೀಕ್ಷೆಯನ್ನು ಮೇ ತಿಂಗಳಿಗೆ ಇಟ್ಟುಕೊಂಡರೆ ಅಷ್ಟು ನೀರೂ ಇರುವುದಿಲ್ಲ, ಮಳೆಗೆ ಮೊದಲು ಚಾವಣಿಗಳಿಗೆ ಶೀಟ್ ಹಾಕುವ ಗಡಿಬಿಡಿಯಲ್ಲಿರುವ ಕೆಲಸಗಾರರೂ ಸಿಗುವುದಿಲ್ಲ. ಡಿಸೆಂಬರಿನಲ್ಲಿ ಪರೀಕ್ಷೆ ನಡೆಸಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯ ಒಳಗೆ, ಅಂದರೆ ಮೇ 24-25ರ ಸುಮಾರಿಗೆ, ದುರಸ್ತಿ ಮುಗಿಸುವುದು ಸರಿಯಾದ ಲೆಕ್ಕ. ಕಡಲಿನ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಸನ್‌ಶೇಡಿನ ಕಾಂಕ್ರೀಟ್ ಉಬ್ಬಿದ್ದರೆ ಮಾತ್ರ ಕಾಯುವಂತಿಲ್ಲ. ಅದು ಯಾರದೋ ತಲೆಯ ಮೇಲೆ ಬೀಳುವ ವಸ್ತು. ಬಣ್ಣವನ್ನು ಮಳೆ ನಿಂತು, ಗೋಡೆ ಪೂರ್ತಿ ಒಣಗಿದ ಮೇಲೆ ಯೋಚಿಸಿದರಾಯಿತು.

ಬೇಸಗೆಯ ನೀರಿಗೆ ನಗರ ನೆಚ್ಚಿಕೊಂಡಿರುವುದು ನೇತ್ರಾವತಿಯ ತುಂಬೆ ಅಣೆಕಟ್ಟನ್ನು. ಅಲ್ಲಿನ ಮಟ್ಟ ಇಳಿದು ರೇಷನಿಂಗ್ ಶುರುವಾದ ಮೇಲೆ ಟ್ಯಾಂಕರ್ ಹುಡುಕುವ ಬದಲು ಫೆಬ್ರುವರಿಯಲ್ಲೇ ದರ ಗೊತ್ತುಮಾಡಿಕೊಳ್ಳಬೇಕು. ಆವರಣದಲ್ಲಿ ಬಾವಿಯಿದ್ದರೆ ತಾರಸಿಯ ಒಂದು ಪೈಪನ್ನು ಜಲ್ಲಿ, ಇದ್ದಿಲು, ಮರಳಿನ ಶೋಧಕದ ಮೂಲಕ ಅದರತ್ತ ತಿರುಗಿಸುವ ಕೆಲಸವನ್ನೂ ತಾರಸಿ ದುರಸ್ತಿಯ ಜೊತೆಗೇ ಮಾಡಿಸಿ. ಮೊದಲ ಒಂದೆರಡು ಮಳೆಯ ಕೊಳೆನೀರನ್ನು ಚರಂಡಿಗೆ ಬಿಟ್ಟು, ನೀರು ತಿಳಿಯಾದ ಮೇಲೆ ಬಾವಿಯ ಕಡೆಯ ವಾಲ್ವ್ ತೆರೆಯುವ ಹೊಣೆಯನ್ನು ಸಮಿತಿಯ ಒಬ್ಬರಿಗೆ ಹೆಸರು ಬರೆದೇ ವಹಿಸಬೇಕು.