ಉಕ್ಕಿನ ಅಂಗಿ ನೋಡೋಕೆ ಹೊರಟಿದ್ದೀರಾ? ಮೊದಲು ಕಂಕುಳು ನೋಡಿ

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ನನ್ನದು ಟೈಲರಿಂಗ್ ಅಂಗಡಿ. ಯಾರ ಮೈಮೇಲೆ ಬಟ್ಟೆ ಕಂಡರೂ ಹೊಲಿಗೆ ನೋಡುವ ಚಟ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಕವಚಗಳ ಮುಂದೆ ನಿಂತಾಗಲೂ ಅದೇ ಚಟ ನನ್ನ ಬಿಡಲಿಲ್ಲ. ಅಲ್ಲಿಗೆ ಹೋಗುವವರಿದ್ದರೆ ಕೇಳಿ.

ಮೊದಲು ಹಳೇಬೀಡಿಗೆ ಹೋಗಿ ಬನ್ನಿ. ನಮ್ಮೂರಿಂದ ಬಸ್ಸಿದೆ. ಹೊಯ್ಸಳೇಶ್ವರನ ಗೋಡೆಯ ಬುಡದಲ್ಲಿ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಕುದುರೆ ಸವಾರರು. ಅವರ ಮೈಮೇಲೆ ಏನಿದೆ, ಕೈಲಿ ಏನಿದೆ ಅಂತ ಒಬ್ಬೊಬ್ಬರನ್ನೇ ನೋಡಿ. ಕಣ್ಣು ಪಳಗುತ್ತದೆ. ಆದರೆ ವಿಷ್ಣುವರ್ಧನನ ಕವಚ ಹೈದರಾಬಾದಿನಲ್ಲಿ ಸಿಗುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಚರ್ಮ ಕೊಳೆಯುತ್ತದೆ, ಮುರಿದದ್ದನ್ನು ಕಾಯಿಸಿ ಬಡಿದು ಇನ್ನೇನೋ ಮಾಡಿಬಿಡುತ್ತಾರೆ. ನಮ್ಮ ದೇಶದ ಮ್ಯೂಸಿಯಂಗಳಲ್ಲಿ ಉಳಿದಿರುವುದು ಹೆಚ್ಚಾಗಿ ಮೊಘಲರ ಕಾಲದ್ದು ಮತ್ತು ಆಮೇಲಿನದ್ದು.

ಬೆಂಗಳೂರಿಂದ ಹೈದರಾಬಾದಿನ ಕಾಚಿಗುಡ ಸ್ಟೇಷನ್ನಿಗೆ ರಾತ್ರಿ ರೈಲಿದೆ. ಗುರುವಾರ ಮಾತ್ರ ಹತ್ತಬೇಡಿ. ಮೊದಲ ಸಲ ನಾನು ಹತ್ತಿ, ಬೆಳಿಗ್ಗೆ ಎದ್ದು ಹೋಗಿ ಮುಚ್ಚಿದ ಗೇಟು ನೋಡಿಕೊಂಡು ನಿಂತೆ. ಅಲ್ಲಿ ಶುಕ್ರವಾರ ರಜೆ. ಮನೆಯವಳು ಈಗಲೂ ಅದನ್ನೇ ಆಡಿಕೊಳ್ಳುತ್ತಾಳೆ.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಅಲ್ಲೊಂದು ಹಳೇ ಗಡಿಯಾರ ಇದೆ. ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಗೆ ಬಂದು ಗಂಟೆ ಬಾರಿಸುತ್ತದೆ. ಹನ್ನೆರಡು ಬಾರಿಸುವುದನ್ನು ನೋಡೋಕೆ ಜನ ಜಾತ್ರೆ ಥರ ಸೇರುತ್ತಾರೆ. ನೀವು ಆಗ ಸುಮ್ನೆ ಆಯುಧಗಳ ಕಡೆ ನಡೆಯಿರಿ. ಗಾಜಿನ ಮುಂದೆ ನೀವೊಬ್ಬರೇ. ಕಪ್ಪು ಅಂಗಿ ಹಾಕಿಕೊಂಡಿದ್ದರೆ ಇನ್ನೂ ಒಳ್ಳೇದು. ಬಿಳಿ ಅಂಗಿ ಆದರೆ ಗಾಜಿನಲ್ಲಿ ಕವಚಕ್ಕಿಂತ ನಿಮ್ಮ ಹೊಟ್ಟೆಯೇ ಜಾಸ್ತಿ ಕಾಣುತ್ತದೆ.

ಎಲ್ಲ ನೋಡಬೇಕು ಅಂತ ಓಡಬೇಡಿ. ಕತ್ತಿ ಕಠಾರಿಗೆ ಹತ್ತು ನಿಮಿಷ ಸಾಕು. ಸರಪಳಿ ಅಂಗಿ ಒಂದನ್ನು ಆರಿಸಿಕೊಂಡು ಅದರ ಮುಂದೆಯೇ ನಿಲ್ಲಿ. ಸಾವಿರಾರು ಸಣ್ಣ ಬಳೆ, ಒಂದೊಂದೂ ಅಕ್ಕಪಕ್ಕದ ನಾಲ್ಕರ ಜೊತೆ ಹೆಣೆದಿರುತ್ತದೆ. ಬಳೆಯ ತುದಿ ಎಲ್ಲಿ ಕೂಡುತ್ತೆ ಅಂತ ಹುಡುಕಿ. ಯುದ್ಧಕ್ಕೆ ಮಾಡಿದ್ದರಲ್ಲಿ ಹೆಚ್ಚಾಗಿ ಅಲ್ಲೊಂದು ಸೂಜಿಮೊನೆಯಷ್ಟು ರಿವಿಟ್ ಇರುತ್ತದೆ. ಸುಮ್ನೆ ಬಗ್ಗಿಸಿ ತುದಿ ಕೂಡಿಸಿದ್ದರೆ ಈಟಿಯ ಏಟಿಗೆ ಬಿಚ್ಚಿಕೊಳ್ಳುತ್ತದೆ. ಕೆಳಗೆ ಸೀಳು ಬಿಟ್ಟಿದ್ದಾರಾ ನೋಡಿ. ಅದು ಕುದುರೆ ಮೇಲೆ ಕಾಲಗಲಿಸಿ ಕೂರೋಕೆ.

ಇನ್ನು ಚಾರ್ ಆಯಿನಾ. ಅಂದರೆ ನಾಲ್ಕು ಕನ್ನಡಿ. ಎದೆಗೊಂದು, ಬೆನ್ನಿಗೊಂದು, ಎರಡು ಪಕ್ಕಕ್ಕೆ ಎರಡು ಉಕ್ಕಿನ ತಗಡು. ಸರಪಳಿ ಅಂಗಿಯ ಮೇಲೆ ಪಟ್ಟಿ ಬಿಗಿದು ಕಟ್ಟುತ್ತಿದ್ದರು. ಎಲ್ಲರೂ ಎದೆಯ ತಗಡಿನ ಚಿನ್ನದ ಕೆಲಸ ನೋಡಿ ಮುಂದೆ ಹೋಗುತ್ತಾರೆ. ನೀವು ಪಕ್ಕದ ತಗಡು ನೋಡಿ. ಮೇಲಂಚನ್ನು ಕಂಕುಳ ಕೆಳಗೆ ಬಟ್ಟಲಿನ ಹಾಗೆ ತಗ್ಗಾಗಿ ಕತ್ತರಿಸಿರುತ್ತಾರೆ, ತೋಳು ಆಡಲಿ ಅಂತ. ನಾನು ದಿನಾ ಬ್ಲೌಸಿಗೆ ಆರ್ಮ್‌ಹೋಲ್ ಕತ್ತರಿಸೋದು ಇದೇ ಲೆಕ್ಕದಲ್ಲಿ. ಅಲ್ಲಿ ತಪ್ಪಿದರೆ ಗಿರಾಕಿ ಬೈಯುತ್ತಾರೆ, ಇಲ್ಲಿ ತಪ್ಪಿದರೆ ಕತ್ತಿ ಎತ್ತೋಕೇ ಆಗಲ್ಲ, ಅಲ್ವಾ?

ಹೊರಡುವ ಮುಂಚೆ ಸರಪಳಿ ಅಂಗಿಯ ಹತ್ತಿರ ಇನ್ನೊಂದು ಸಲ ಹೋಗಿ. ಎಲ್ಲಾದರೂ ಅಂಗೈಯಗಲ ಬಳೆಗಳ ದಪ್ಪ ಬೇರೆ ಇದ್ದರೆ, ಅಲ್ಲಿ ಹರಿದದ್ದಕ್ಕೆ ಯಾರೋ ತೇಪೆ ಹಾಕಿದ್ದಾರೆ.