ಮಿಲಿಟರಿ ಲಾರಿಯ ಮೇಲೆ ಡಬ್ಬಿ ಕೂರಿಸಿದ್ದು

ಸಿಂಧನೂರಿನ ಸುತ್ತ ಭತ್ತದ ಕಟಾವು ಶುರುವಾದರೆ ನನಗೆ ಸರಿಯಾಗಿ ನಿದ್ದೆ ಇರುವುದಿಲ್ಲ. ನನ್ನದು ಕಟಾವು ಮಷಿನ್ ರಿಪೇರಿ ಕೆಲಸ. ಮಷಿನ್ ಯಾವತ್ತೂ ಡಾಂಬರ್ ರಸ್ತೆ ಪಕ್ಕ ಕೆಟ್ಟು ನಿಲ್ಲುವುದಿಲ್ಲ. ಕಾಲುವೆ ದಾಟಿ, ನಾಲ್ಕು ಬದು ಹತ್ತಿ ಇಳಿದು, ಎರೆ ಮಣ್ಣಿನ ಕೆಸರಲ್ಲಿ ಹೋಗಿ ಕೂರುತ್ತದೆ. ನನ್ನ ಹಳೇ ಪಿಕಪ್ ಅಷ್ಟು ದೂರ ಹೋಗುತ್ತಿರಲಿಲ್ಲ. ವೆಲ್ಡಿಂಗ್ ಸೆಟ್ಟನ್ನು ರೈತರ ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿ, ಒಂದು ಸ್ಪ್ಯಾನರ್ ಮರೆತಿದ್ದಕ್ಕೆ ಮತ್ತೆ ಆರು ಕಿಲೋಮೀಟರ್ ವಾಪಸ್ ಬಂದ ದಿನಗಳಿವೆ.

ಹಾಗಾಗಿ ನಾಲ್ಕೂ ಗಾಲಿ ಎಳೆಯುವ ಲಾರಿ, ಅದರ ಮೇಲೆ ಬಾಗಿಲು ಹಾಕಬಹುದಾದ ವರ್ಕ್‌ಶಾಪ್ ಡಬ್ಬಿ ಬೇಕು ಅಂತ ತಲೆಗೆ ಹೊಕ್ಕಿತು. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋದ 2024ರಲ್ಲೇ ಲಾರಿ ತಂದೆ. ಮಿಲಿಟರಿಯ ಹರಾಜಿನಲ್ಲಿ ಹಿಡಿದವರಿಂದ ನನ್ನ ಕೈಗೆ ಬಂದದ್ದು, ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್. ಮಿಲಿಟರಿಯದೇ ಹಳೇ ಲಾರಿ ಶಕ್ತಿಮಾನ್ ಇದಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ ಮಾಡುತ್ತಿದ್ದ ಗಟ್ಟಿ ಗಾಡಿ ಅದು. ಆದರೆ ಅದರ ಸಾಮಾನು ಹುಡುಕುವುದೇ ಒಂದು ಉದ್ಯೋಗ ಆಗಿಬಿಡುತ್ತದೆ. ಸ್ಟಾಲಿಯನ್ನಿನ ಇಂಜಿನ್ ನಮ್ಮ ಬಸ್ಸು ಲಾರಿಗಳಲ್ಲಿ ಓಡುವ, ಜಪಾನಿನ ಹಿನೋ ಕಂಪನಿಯ ಜಾತಿಯದೇ. ಫಿಲ್ಟರ್, ಬೆಲ್ಟ್, ಗ್ಯಾಸ್ಕೆಟ್ ಊರಲ್ಲೇ ಸಿಗುತ್ತವೆ.

ಡಬ್ಬಿ ಸಿಕ್ಕಿದ್ದು ಸಂಡೂರು ಕಡೆಯ ಗುಜರಿಯಲ್ಲಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಮೇಲೆ ಇಂಥ ಎಷ್ಟೋ ಸಾಮಾನು ಅಲ್ಲಲ್ಲೇ ತುಕ್ಕು ಹಿಡಿದವು. ಇದು ಗಣಿ ಕ್ಯಾಂಪಿನಲ್ಲಿ ನಿಂತಿದ್ದ ಎರಡು ಗಾಲಿಯ ಟ್ರೇಲರ್. 14 ಅಡಿ ಉದ್ದ, 7 ಅಡಿ ಅಗಲ. ಒಳಗೆ ಸುತ್ತಿಗೆಯಿಂದ ತಟ್ಟಿದರೂ ಕೆಂಪು ಅದಿರಿನ ಪುಡಿ ಉದುರುತ್ತಿತ್ತು. ಆಕ್ಸಲ್, ಕಮಾನು ಪಟ್ಟಿ, ಎಳೆಯುವ ಹುಕ್ಕು ಎಲ್ಲವನ್ನೂ ಗ್ಯಾಸ್ ಕಟಿಂಗ್ ಹಾಕಿ ತೆಗೆದೆ. ಬರೀ ಡಬ್ಬಿಯನ್ನು ಕಾಟಾಕ್ಕೆ ಹಾಕಿಸಿದಾಗ 1,180 ಕಿಲೋ ಬಂತು. ಐದು ಟನ್ ಹೊರುವ ಲಾರಿಗೆ ಅದೇನು ಭಾರ ಅಲ್ಲ.

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಬಾಡಿ ಬದಲಿಸುವುದಕ್ಕೆ ಮೊದಲು ಆರ್‌ಟಿಓ ಒಪ್ಪಿಗೆ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಒಟ್ಟು ಅಗಲ 2.6 ಮೀಟರ್ ದಾಟಬಾರದು. ಹಿಂದಿನ ಆಕ್ಸಲ್‌ನಿಂದ ಆಚೆ ಚಾಚುವ ಭಾಗ ವೀಲ್‌ಬೇಸಿನ, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ಅಂತರದ, ನೂರಕ್ಕೆ 60 ಮೀರಬಾರದು. ಇನ್ನೊಂದು, ಆ ಮಿಲಿಟರಿ ಹಸಿರು ಬಣ್ಣವನ್ನು ಖಾಸಗಿಯವರು ಇಟ್ಟುಕೊಳ್ಳುವ ಹಾಗಿಲ್ಲ. ನನಗೆ ಆ ಬಣ್ಣದ ಮೇಲೆ ಆಸೆ ಇತ್ತು. ಹಳದಿ ಬಳಿಸಿದೆ. ಈಗ ಊರ ಹುಡುಗರು ಅದನ್ನು ಸ್ಕೂಲ್ ಬಸ್ ಅಂತಾರೆ.

ಇನ್ನು ನಾನು ಮಾಡಿದ ತಪ್ಪು. ಚಾಸಿ ಅಂದರೆ ಲಾರಿಯ ಕೆಳಗಿನ ಉಕ್ಕಿನ ಚೌಕಟ್ಟು; ಅದರ ಮೇಲೆ ಐದಿಂಚಿನ ಕಬ್ಬಿಣದ ಚಾನಲ್ಲಿನಿಂದ ಇನ್ನೊಂದು ಚೌಕಟ್ಟು, ಸಬ್‌ಫ್ರೇಮ್, ಇಟ್ಟೆ. ಅದರ ಮೇಲೆ ಡಬ್ಬಿ. ಎರಡೂ ಕಡೆ ಸೇರಿ ಹನ್ನೆರಡು ಯು-ಬೋಲ್ಟ್ ಹಾಕಿ, ಉದ್ದದ ಪೈಪ್ ಸಿಕ್ಕಿಸಿ ಬಿಗಿದೆ. ಬಿಗಿಯಾದಷ್ಟೂ ಒಳ್ಳೆಯದು ಅನ್ನೋದು ನನ್ನ ಲೆಕ್ಕ. ಮೊದಲ ಸಲ ಹೊಲಕ್ಕೆ ಇಳಿಸಿದಾಗ ಎಡಗಡೆ ಮುಂದಿನ ಗಾಲಿ ಬದು ಹತ್ತಿತು, ಬಲಗಡೆ ಹಿಂದಿನದು ತಗ್ಗಿಗೆ ಇಳಿಯಿತು. ಒಳಗಿನಿಂದ ತಗಡು ಹರಿದಂಥ ಸದ್ದು. ಇಳಿದು ಹಿಂದಿನ ಬಾಗಿಲು ಎಳೆದರೆ ತೆಗೆಯಲು ಬರಲಿಲ್ಲ. ರೈತ ಅಲ್ಲಿ ಮಷಿನ್ ಕೆಟ್ಟಿದೆ ಅಂತ ಕಾಯುತ್ತಿದ್ದಾನೆ, ನಾನು ಇಲ್ಲಿ ನನ್ನದೇ ಬಾಗಿಲನ್ನು ಸಬ್ಬಲಿನಿಂದ ಮೀಟುತ್ತಿದ್ದೇನೆ! ಬಾಗಿಲ ಚೌಕಟ್ಟಿನ ಮೇಲಿನ ಮೂಲೆಯಲ್ಲಿ ಬೆರಳುದ್ದ ವೆಲ್ಡಿಂಗ್ ಬಿಟ್ಟಿತ್ತು.

ಗಂಗಾವತಿಯಲ್ಲಿ ಲಾರಿ ಬಾಡಿ ಕಟ್ಟಿ ತಲೆ ನರೆತ ಒಬ್ಬ ಚಾಚಾ ಇದ್ದಾರೆ. ಗಾಡಿ ಅಲ್ಲಿಗೆ ಒಯ್ದೆ. ಅವರು ಡಬ್ಬಿ ಕಡೆ ನೋಡಲೇ ಇಲ್ಲ. ನೇರ ಲಾರಿ ಕೆಳಗೆ ತೂರಿ, ಚಾಸಿಗೆ ಕೈಯಿಂದ ತಟ್ಟಿ ಹೊರಗೆ ಬಂದರು.

"ತಮ್ಮಾ, ಈ ಲಾರಿ ಮೈ ತಿರುವಾಕಂತ ಹುಟ್ಟೈತಿ. ನಿನ್ ಡಬ್ಬಿ ನಾ ತಿರುವಂಗಿಲ್ಲ ಅಂತೈತಿ. ಇಬ್ರನ್ನೂ ಕಟ್ಟಿ ಹಾಕಿದ್ರ ಒಬ್ರು ಹರಿಬೇಕಲ್ಲ?"

"ಮತ್ತೇನ್ ಮಾಡ್ಲಿ ಚಾಚಾ?"

"ಮನ್ಯಾಗ ಒಲಿಗೆ ಎಷ್ಟ್ ಕಲ್ಲು ಇಡ್ತೀರಿ?"

ಮೂರು. ನೆಲ ಎಷ್ಟೇ ಡೊಂಕಿರಲಿ, ಮೂರು ಕಲ್ಲಿನ ಮೇಲಿಟ್ಟ ಗಡಿಗೆ ಕುಂಟುವುದಿಲ್ಲ. ನಾಲ್ಕು ಕಾಲಿನ ಹೊರಸು ಕುಂಟುತ್ತದೆ. ಅಷ್ಟೇ ಮಾತು. ಉಳಿದದ್ದೆಲ್ಲ ಕಬ್ಬಿಣದ ಕೆಲಸ.

ಎಲ್ಲ ಬಿಚ್ಚಿದೆ. ಹಿಂದೆ, ಆಕ್ಸಲ್ ಹತ್ತಿರ, ಎರಡೂ ಪಕ್ಕ ದಪ್ಪ ಪ್ಲೇಟು ಇಟ್ಟು ಸಬ್‌ಫ್ರೇಮನ್ನು ಚಾಸಿಗೆ ಗಟ್ಟಿ ಮಾಡಿದೆ. ಇವು ಎರಡು ಕಲ್ಲು. ಮುಂದೆ ಕ್ಯಾಬಿನ್ ಹಿಂಬದಿಗೆ ಚಾಸಿಯ ಅಡ್ಡಕ್ಕೆ ಒಂದು ತೊಲೆ ಕೂರಿಸಿ, ಅದರ ಸರಿ ನಡುವೆ, ಲಾರಿಯ ಉದ್ದಕ್ಕೆ ಮಲಗುವಂತೆ ಒಂದು ಪಿನ್ನು. ಇದು ಮೂರನೇ ಕಲ್ಲು. ಪಿನ್ನನ್ನು ಲೇತಿನಲ್ಲಿ 50 ಎಂಎಂಗೆ ತಿರುವಿಸಿ, ಹಿತ್ತಾಳೆ ಬುಷ್ಷು ಹಾಕಿ, ಗ್ರೀಸ್ ನಿಪ್ಪಲ್ ಇಡಿಸಿದೆ. ಡಬ್ಬಿಯ ಮುಂಭಾಗ ಈ ಪಿನ್ನಿನ ಮೇಲೆ ತೊಟ್ಟಿಲ ಹಾಗೆ ಅತ್ತಿತ್ತ ವಾಲುತ್ತದೆ. ಮುಂದಿನ ಎರಡೂ ಮೂಲೆಯಲ್ಲಿ ಚಾಸಿಗೂ ಸಬ್‌ಫ್ರೇಮಿಗೂ ಮೂರಿಂಚು ಸಂದು ಬಿಟ್ಟಿದ್ದೇನೆ. ಕ್ಯಾಬಿನ್ನಿಗೂ ಡಬ್ಬಿಗೂ ಆರಿಂಚು. ಮೊದಲು ಎರಡೇ ಇಂಚು ಇತ್ತು, ಒಂದು ಸಲ ಮುಟ್ಟಿ ಬಣ್ಣ ಕೆದರಿತು.

ಈ ಪದ್ಧತಿಯಲ್ಲಿ ಸಬ್‌ಫ್ರೇಮ್ ಮಾತ್ರ ಸುಮ್ನೆ ಹಗುರ ಮಾಡಬಾರದು. ಮುಂದಿನ ಭಾರವೆಲ್ಲ ಒಂದೇ ಕಡೆ ಕೂರುತ್ತದಲ್ವಾ? ಅಲ್ಲಿ ಅಡ್ಡ ಚಾನಲ್ ಎರಡು ಜಾಸ್ತಿ ಹಾಕಿ, ಮೂಲೆಗಳಿಗೆಲ್ಲ ಮುಕ್ಕೋನೆ ಪ್ಲೇಟು ಕೊಟ್ಟೆ.

ಚಾಸಿಗೆ ಮಾತ್ರ ಒಂದು ಚುಕ್ಕೆಯನ್ನೂ ವೆಲ್ಡ್ ಮಾಡಲಿಲ್ಲ. ಅದು ಗಟ್ಟಿ ಉಕ್ಕು, ಕಾಯಿಸಿದ ಕಡೆಯೇ ಆಮೇಲೆ ಬಿರುಕು ಬಿಡುತ್ತದೆ. ಅದರ ಮೇಲಿನ ಕೆಳಗಿನ ಮಡಚಿದ ಅಂಚಿಗೆ ತೂತು ಕೊರೆಯುವುದೂ ಬೇಡ, ಬಾಗುವಾಗ ಜಗ್ಗಾಟ ಎಲ್ಲ ಅಲ್ಲೇ. ಪಕ್ಕದ ನಿಂತ ಭಾಗದಲ್ಲಿ ಮೊದಲೇ ಇದ್ದ ತೂತುಗಳಿಗೇ ನನ್ನ ಪ್ಲೇಟು ಹೊಂದಿಸಿದೆ. 16 ಎಂಎಂ ಹೈ ಟೆನ್ಸೈಲ್ ಬೋಲ್ಟ್, ಲಾಕ್ ನಟ್. ಹಿಂದಿನ ಪ್ಲೇಟಿನ ಜಾಗದಲ್ಲಿ ಚಾಸಿಗೂ ಚಾನಲ್ಲಿಗೂ ನಡುವೆ ಗಣಿಯ ಹಳೇ ಕನ್ವೇಯರ್ ಬೆಲ್ಟಿನ ತುಂಡು ಕೊಟ್ಟಿದ್ದೇನೆ. ಅದೂ ಸಂಡೂರಿನ ಗುಜರಿಯದೇ. ಡಬ್ಬಿಗೆ ವೆಲ್ಡಿಂಗ್ ಮಾಡುವಾಗಲೂ ಬ್ಯಾಟರಿ ವೈರ್ ಬಿಚ್ಚಿಟ್ಟು, ಅರ್ಥ್ ಕ್ಲಾಂಪನ್ನು ಕೆಲಸದ ಪಕ್ಕದಲ್ಲೇ ಹಾಕುತ್ತಿದ್ದೆ. ದೂರ ಹಾಕಿದರೆ ಕರೆಂಟು ಬೇರಿಂಗ್ ದಾಟಿ ಹೋಗಬಹುದು.

ಪರೀಕ್ಷೆಗೆ ಚಾಚಾ ಹೇಳಿಕೊಟ್ಟ ಉಪಾಯ ನನಗೆ ಬಹಳ ಇಷ್ಟವಾಯಿತು. ಅಕ್ಕಿ ಚೀಲ ಹೊಲೆಯುವ ದಾರ ತಗೊಂಡು ಹಿಂದಿನ ಬಾಗಿಲ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಕತ್ತರಿಯಂತೆ ಎರಡು ಎಳೆ ಬಿಗಿಯಾಗಿ ಕಟ್ಟಿದೆವು. ಒಂದು ಮುಂದಿನ ಗಾಲಿಯನ್ನು ಒಂದೂವರೆ ಅಡಿ ದಿಮ್ಮಿಯ ಮೇಲೆ ಹತ್ತಿಸಿದೆವು. ಚೌಕಟ್ಟು ಸೊಟ್ಟಗಾದರೆ ಒಂದು ದಾರ ಜೋಲುತ್ತದೆ, ಇನ್ನೊಂದು ತಂತಿಯಂತೆ ಬಿಗಿಯುತ್ತದೆ. ಹಳೇ ಯು-ಬೋಲ್ಟ್ ಇದ್ದಾಗ ಇದನ್ನೇ ಮಾಡಿ ನೋಡಿದ್ದೆವು. ಆಗ ಒಂದು ದಾರ ಪಟ್ಟನೆ ಹರಿದೇ ಹೋಗಿತ್ತು. ಈ ಸಲ ಎರಡೂ ದಾರ ಮೊದಲಿದ್ದ ಹಾಗೇ ಇದ್ದವು. ಮುಂದಿನ ಮೂಲೆಯ ಸಂದು ಮಾತ್ರ ಒಂದು ಕಡೆ ಎರಡಿಂಚು ಕಡಿಮೆ, ಇನ್ನೊಂದು ಕಡೆ ಅಷ್ಟೇ ಜಾಸ್ತಿ. ಬಾಗಿಲನ್ನು ಒಂದೇ ಬೆರಳಲ್ಲಿ ತೆಗೆದೆ. ಚಾಚಾ ಬೀಡಿ ಹಚ್ಚಿಕೊಂಡು ಒಳಗೆ ಹೋದರು.

ಹಿಂದಿನ ಗಾಲಿ ಪಕ್ಕಕ್ಕೆ ಒಂದೇ, ದೊಡ್ಡದು. ಪೂರ್ತಿ ಮೇಲೆದ್ದಾಗ ಡಬ್ಬಿಯ ತಳಕ್ಕೆ ತಾಗದಂತೆ ನಾಲ್ಕಿಂಚು ಬಿಟ್ಟಿರಬೇಕು. ಇದನ್ನು ಡಬ್ಬಿ ಇಳಿಸುವ ಮೊದಲೇ ನೋಡಿಕೊಂಡಿದ್ದೆ, ಹಾಗಾಗಿ ಹೈಡ್ರಾ ಕ್ರೇನಿನವನಿಗೆ ಎರಡು ಸಲ ದುಡ್ಡು ಕೊಡುವುದು ತಪ್ಪಿತು.

ಒಳಗಿನ ಸಾಮಾನು ಜೋಡಿಸುವಾಗ ಮತ್ತೊಂದು ಪೆಟ್ಟು ತಿಂದೆ. ಸದ್ದು ಕ್ಯಾಬಿನ್ನಿಗೆ ಬರಬಾರದು ಅಂತ ಜನರೇಟರ್, ಕಂಪ್ರೆಸರ್ ಎರಡನ್ನೂ ಹಿಂದಿನ ಬಾಗಿಲ ಬಳಿ ಇಟ್ಟೆ. ಸ್ಟೇರಿಂಗ್ ಹಗುರವಾಗಿ, ಏರಿನಲ್ಲಿ ಗಾಡಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಅಕ್ಕಿ ಮಿಲ್ಲಿನ ಕಾಟಾದ ಮೇಲೆ ಮೊದಲು ಮುಂದಿನ ಗಾಲಿ ಮಾತ್ರ, ಆಮೇಲೆ ಹಿಂದಿನವು ಮಾತ್ರ ನಿಲ್ಲಿಸಿ ತೂಗಿದಾಗ ಗೊತ್ತಾಯಿತು, ಮುಂದೆ ಭಾರವೇ ಇರಲಿಲ್ಲ. ಎರಡನ್ನೂ ಹಿಂದಿನ ಆಕ್ಸಲ್‌ಗಿಂತ ಮುಂದಕ್ಕೆ ಸರಿಸಿದೆ. ಸದ್ದಿಗೆ ಕಿವಿಯಲ್ಲಿ ಹತ್ತಿ.

ಎರಡು ಕಟಾವು ಮುಗಿದಿವೆ. ಮೊದಲ ತಿಂಗಳು ವಾರಕ್ಕೊಮ್ಮೆ ನಟ್ಟು ಬಿಗಿದೆ, ಈಗ ಹದಿನೈದು ದಿನಕ್ಕೊಮ್ಮೆ ಪಿನ್ನಿಗೆ ಗ್ರೀಸ್. ಒಟ್ಟು ಎತ್ತರ ಹತ್ತಿರ ಹತ್ತಿರ 11 ಅಡಿ, ಹೊಲಗಳಲ್ಲಿ ಜೋತುಬಿದ್ದ ಕರೆಂಟು ತಂತಿ ಕಂಡರೆ ಇಳಿದು ನೋಡಿಯೇ ಮುಂದೆ ಹೋಗುತ್ತೇನೆ. ಹತ್ತುವ ಮೆಟ್ಟಿಲು ಮಾತ್ರ ಇನ್ನೂ ಮಾಡಿಸಿಲ್ಲ. ಹುಡುಗರು ಎಣ್ಣೆ ಡಬ್ಬಾ ಬೋರಲು ಹಾಕಿಕೊಂಡು ಹತ್ತುತ್ತಾರೆ, ಹೊರಡುವಾಗ ಅದನ್ನು ಹೊಲದಲ್ಲೇ ಮರೆತು ಬರುತ್ತಾರೆ.